ಜರ್ಮನಿಯಲ್ಲಿ ಮೇಜು ಬಡಿದರು

ನಮ್ಮ ಮೊಮ್ಮಗಳು ಅಂಬಿಕಾ ಗೆದ್ದಳು! ಜರ್ಮನಿಯ ಕಾಲೇಜಿನಲ್ಲಿ, ತುಂಬಿದ ಕ್ಲಾಸಿನ ಮುಂದೆ ಎದ್ದು ನಿಂತು, ಗಂಟಲು ಕಟ್ಟದೆ, ಕಣ್ಣು ತುಂಬದೆ, ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದಳು. ಮುಗಿಸಿದ ಮೇಲೆ ಅಲ್ಲಿದ್ದ ಹುಡುಗರು, ಹುಡುಗಿಯರು, ಪಾಠ ಹೇಳುವ ಮೇಡಂ ಸಮೇತ ಎಲ್ಲರೂ ಧಡ ಧಡ ಧಡ ಎಂದು ಮೇಜು ಬಡಿದರು. ಹೈದರಾಬಾದಿನ ನಮ್ಮ ಸನತ್‌ನಗರದ ಗಲ್ಲಿಯಲ್ಲಿ ಈ ಸುದ್ದಿ ಗೊತ್ತಿಲ್ಲದವರು ಯಾರೂ ಉಳಿದಿಲ್ಲ. ಇಸ್ತ್ರಿ ಅಂಗಡಿಯವನಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ವಿಳಾಸ ಕೇಳಲು ಗಾಡಿ ನಿಲ್ಲಿಸಿದ ಅಪರಿಚಿತನೊಬ್ಬನಿಗೂ ಹೇಳಿದೆ. ಅವನು ಕೇಳಿದ ವಿಳಾಸ ಹೇಳುವುದು ಮಾತ್ರ ಮರೆತುಹೋಯಿತು. ಮೇಜು ಬಡಿದರೆ ಅದರಲ್ಲಿ ಇಷ್ಟು ಹಿಗ್ಗುವಂಥದ್ದೇನಿದೆ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಅದು ಹಿಗ್ಗುವ ಸಂಗತಿ ಎಂದು ತಿಳಿಯುವ ಮೊದಲು, ನಿನ್ನೆ ಮಧ್ಯಾಹ್ನದಿಂದ ಸಂಜೆಯವರೆಗೆ, ನನ್ನ ಜೀವ ಹೋಗಿ ಬಂದಿದೆ.

ಕೆಲವರಿಗೆ ಹುಟ್ಟುವಾಗಲೇ ಹಾಡು ಬರುತ್ತದೆ, ಕೆಲವರಿಗೆ ಲೆಕ್ಕ ಬರುತ್ತದೆ. ನನಗೆ ಬಂದದ್ದು ಚಿಂತೆ. ಮನೆಗೆ ಬೀಗ ಹಾಕಿ ಬಸ್ಸು ಹತ್ತಿದ ಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ಇಳಿದು ಬರುವವನು ನಾನು. ಮಗ ಬಸವರಾಜ ಮಣಿಕೊಂಡದ ಕಡೆ ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಮಾಡುತ್ತಾನೆ. ಅವನು ಕೆಲಸಕ್ಕೆ ಸೇರಿದಂದಿನಿಂದ ನಾನು ಯಾವ ಲಿಫ್ಟನ್ನೂ ಹತ್ತಿಲ್ಲ. ಮಗನ ಕೆಲಸದ ಮೇಲೆ ನಂಬಿಕೆ ಇಲ್ಲವೆಂದಲ್ಲ, ಅವು ಎಷ್ಟು ಸಲ ಕೆಡುತ್ತವೆ ಎಂದು ಮನೆಯಲ್ಲೇ ಕೇಳಿ ತಿಳಿದದ್ದರಿಂದ. ನನ್ನ ಹೆಂಡತಿ ಗೌರಮ್ಮ ಬಂದವರ ಮುಂದೆಲ್ಲ ಹೇಳುತ್ತಾಳೆ: "ಚಿಂತಿ ಮಾಡಾಕ ಏನೂ ಸಿಗಲಿಲ್ಲ ಅಂದ್ರ, ಯಾಕ ಸಿಗಲಿಲ್ಲ ಅಂತ ಚಿಂತಿ ಮಾಡ್ತಾರ ನಮ್ಮ ಮನಿಯವ್ರು."

ಇಂಥವನಿಗೆ ದೇವರು ಒಬ್ಬಳೇ ಮೊಮ್ಮಗಳನ್ನು ಕೊಟ್ಟು, ಅವಳಿಗೆ ಸಮುದ್ರ ದಾಟುವ ಬುದ್ಧಿ ಕೊಟ್ಟ. ನಾನು ಲಿಂಗಸುಗೂರಿನ ಕಡೆಯಿಂದ ಮೀಸೆ ಚಿಗುರುವ ವಯಸ್ಸಿನಲ್ಲಿ ಹೈದರಾಬಾದಿಗೆ ಬಂದು, ಇಲ್ಲಿನ ಒಂದು ಫ್ಯಾನ್ ಕಾರ್ಖಾನೆಯಲ್ಲಿ ರೆಕ್ಕೆ ಜೋಡಿಸುತ್ತ ಮುದುಕನಾದವನು. ಓದಿದ್ದು ನಾಲ್ಕನೇ ಕ್ಲಾಸು. ಅದರಲ್ಲೂ ನಾಲ್ಕನೆಯದು ಅರ್ಧ, ಯಾಕೆಂದರೆ ನಡುವೆ ಮಾಸ್ತರರಿಗೆ ವರ್ಗವಾಯಿತು, ಬದಲಿಗೆ ಯಾರೂ ಬರಲಿಲ್ಲ, ನಾವು ಹುಡುಗರು ಒಂದು ವಾರ ಕಾದು ಹೊಲಕ್ಕೆ ಹೋದೆವು. ಅಂಬಿಕಾ ಓದಲು ಹೋದದ್ದು ಹೊಲಸು ನೀರನ್ನು ಶುದ್ಧ ಮಾಡುವ ವಿದ್ಯೆ. ಈ ಮಾತು ಕೇಳಿದಾಗ ನನ್ನ ಹಳೆಯ ಗೆಳೆಯ ಯಾದಗಿರಿ ಬೆರಗಾದ. ಅವನು ಅದೇ ಕಾರ್ಖಾನೆಯಲ್ಲಿ ಯೂನಿಯನ್ನಿನ ಮುಂದಾಳಾಗಿದ್ದವನು, ಪಕ್ಕದ ಗಲ್ಲಿಯಲ್ಲೇ ಮನೆ. ಅವನ ಮಾತೆಲ್ಲ ತೆಲುಗು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೇನೆ. "ಏನಯ್ಯಾ, ಮೋರಿ ನೀರು ಓದಲು ವಿಮಾನ ಹತ್ತಬೇಕೇ? ನಮ್ಮ ಗಲ್ಲಿಗೆ ಬಂದರೆ ಮಳೆಗಾಲದಲ್ಲಿ ಮನೆಯೊಳಗೇ ಬಂದು ಪಾಠ ಹೇಳುತ್ತದೆ" ಎಂದ. ನಾನು ನಕ್ಕೆ. ಆದರೆ ಅಂದು ಸಂಜೆಯೇ, ಆ ನೀರಿನಿಂದ ಹುಡುಗಿಗೆ ಏನಾದರೂ ರೋಗ ಅಂಟಿದರೆ ಎಂಬ ಚಿಂತೆ ಶುರುವಾಯಿತು.

ಅಲ್ಲಿನ ಕ್ಲಾಸುಗಳ ವಿಷಯ ಅವಳು ಫೋನಿನಲ್ಲಿ ಹೇಳಿದಂತೆಲ್ಲ ನನ್ನ ಚಿಂತೆಗೆ ಒಳ್ಳೆಯ ಮೇವು ಸಿಕ್ಕಿತು. ಹತ್ತು ಗಂಟೆಗೆ ಕ್ಲಾಸು ಎಂದು ಗೋಡೆಯ ಮೇಲೆ ಬರೆದಿದ್ದರೆ, ಅದು ಹತ್ತೂ ಕಾಲಿಗೆ ಶುರುವಾಗುತ್ತದಂತೆ. ಅದು ಅಲ್ಲಿನ ಹಿರಿಯರ ಕಾಲದಿಂದ ಬಂದ ಪದ್ಧತಿ, ಎಲ್ಲರಿಗೂ ಗೊತ್ತು, ಹಾಗಾಗಿ ಯಾರೂ ಯಾರಿಗೂ ಹೇಳುವುದಿಲ್ಲ. ಇವಳು ಮೊದಲ ದಿನ ಹತ್ತಕ್ಕೆ ಇನ್ನೂ ಸಮಯವಿರುವಾಗಲೇ ಹೋಗಿ, ಅಷ್ಟು ದೊಡ್ಡ ಕೋಣೆಯಲ್ಲಿ ಒಬ್ಬಳೇ ಕೂತು, ತಪ್ಪು ಕಟ್ಟಡಕ್ಕೆ ಬಂದೆ ಎಂದು ಅತ್ತುಬಿಟ್ಟಳಂತೆ. ಕ್ಲಾಸಿನಲ್ಲಿ ಹಾಜರಿ ಕೂಗುವುದಿಲ್ಲ. ಮೇಡಂ ಒಳಗೆ ಬಂದರೆ ಯಾರೂ ಏಳುವುದಿಲ್ಲ. ಇವಳೊಬ್ಬಳು ಎದ್ದು ನಿಂತದ್ದನ್ನು ಕಂಡು, ಪಾಪ, ಆ ತಾಯಿ "ಹೊರಗೆ ಹೋಗಬೇಕಾ?" ಎಂದು ಕೇಳಿದಳಂತೆ. ಪಾಠ ನಡೆಯುವಾಗ ಒಬ್ಬ ಸೇಬು ಕಚ್ಚುತ್ತಿರುತ್ತಾನೆ, ಇನ್ನೊಬ್ಬಳು ಉಣ್ಣೆಯ ಟೋಪಿ ಹೆಣೆಯುತ್ತಿರುತ್ತಾಳೆ. ಎಲ್ಲಕ್ಕಿಂತ ಮಿಗಿಲಾಗಿ, ಮೇಡಂ ತನ್ನನ್ನು ಹೆಸರು ಹಿಡಿದು ಕರೆಯಿರಿ ಎಂದು ತಾನೇ ಹೇಳಿದ್ದಾಳೆ. ನಮ್ಮ ಅಂಬಿಕಾಗೆ ಅದು ಬಾಯಿಗೆ ಬರಲಿಲ್ಲ. ಮೇಡಂ ಎಂದರೆ ಅಲ್ಲಿ ನಗುತ್ತಾರೆ, ಹೆಸರು ಹಿಡಿಯಲು ಇಲ್ಲಿ ಕಲಿತದ್ದು ಬಿಡುವುದಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಆಕೆಯನ್ನು ಏನೂ ಎಂದು ಕರೆಯದೆ, ಆಕೆ ತನ್ನ ಕಡೆ ನೋಡುವವರೆಗೂ ಸುಮ್ಮನೆ ಕಾಯುತ್ತಿದ್ದಳಂತೆ. ನನ್ನ ಹೆಂಡತಿ ಇದನ್ನು ಕೇಳಿ ಗಂಭೀರವಾಗಿ ತಲೆಯಾಡಿಸಿದಳು. "ನಾನೂ ಮದಿವ್ಯಾದ ಹೊಸದಾಗ ನಿಮ್ಮನ್ನ ಹಿಂಗ ಕರೀತಿದ್ದೆ" ಎಂದಳು.

ಇಷ್ಟಾದರೂ ಹೇಗೋ ನಡೆಯುತ್ತಿತ್ತು. ಕಷ್ಟ ಬಂದದ್ದು ಮಾತಿನದು. ಅಲ್ಲಿ ಬರೆದುಕೊಂಡು ಕೂತರೆ ಓದಿದಂತಲ್ಲ, ಬಾಯಿ ಬಿಡಬೇಕು. ಮೇಡಂ "ಇದರ ಬಗ್ಗೆ ನಿನ್ನ ಅಭಿಪ್ರಾಯವೇನು?" ಎಂದು ಕೇಳಿದರೆ, ಅಂಬಿಕಾ "ನೀವು ಹೇಳಿದ್ದೇ ಸರಿ" ಎನ್ನುತ್ತಿದ್ದಳು. ಆಕೆ "ನನ್ನದು ನನಗೆ ಗೊತ್ತಿದೆ, ನಿನ್ನದು ಹೇಳು" ಎನ್ನುತ್ತಿದ್ದಳು. ನನ್ನ ಮೊಮ್ಮಗಳಿಗೆ ಅಭಿಪ್ರಾಯವಿಲ್ಲವೆಂದಲ್ಲ. ಮನೆಯಲ್ಲಿ ಅವಳು ಬೆಕ್ಕಿಗೂ ಬುದ್ಧಿ ಹೇಳುತ್ತಿದ್ದವಳು. ಆದರೆ ದೊಡ್ಡವರು ಹೇಳಿದ್ದಕ್ಕೆ ಎದುರು ಮಾತು ಆಡಬಾರದು ಎಂಬುದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಆ ಮೇಡಂ ಕ್ಲಾಸಿನಲ್ಲಿ ಪ್ರತಿಯೊಬ್ಬರೂ ಒಂದು ಸಲ ಮುಂದೆ ನಿಂತು, ತಾವು ಓದಿದ್ದನ್ನು ಹೇಳಿ, ಉಳಿದವರು ಎಸೆಯುವ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕು. ಕಳೆದ ಸಲ ಅಂಬಿಕಾ ಸರದಿ ಬಂದಾಗ, ಎದ್ದು ಹೋದಳು, ಗೋಡೆಯ ಮೇಲೆ ಚಿತ್ರ ಬಂತು, ದನಿ ಬರಲಿಲ್ಲ. ಎಲ್ಲರ ಮುಖ ನೋಡಿ "ಥ್ಯಾಂಕ್ಯೂ" ಎಂದಷ್ಟೇ ಹೇಳಿ ಬಂದು ಕೂತಳಂತೆ. ಮೇಡಂ ಬೈಯಲಿಲ್ಲ. ಆಮೇಲೆ ಕರೆದು, ಇನ್ನೊಂದು ಸಲ ಅವಕಾಶ ಕೊಡುತ್ತೇನೆ, ಆಗಲೂ ಮಾತು ಹೊರಡದಿದ್ದರೆ ಈ ಪಾಠ ಪಾಸಾಗುವುದಿಲ್ಲ, ಇದು ಪಾಸಾಗದೆ ಮುಂದಿನ ಯಾವ ಪಾಠವೂ ಸಿಗುವುದಿಲ್ಲ ಎಂದು ಸಮಾಧಾನದಿಂದಲೇ ಹೇಳಿದಳಂತೆ.

ಅಂದು ಅವಳು ಫೋನು ಮಾಡಿದ್ದು ನನಗೆ. "ಅಜ್ಜ, ನನಗ ಆಗಂಗಿಲ್ಲ. ನಾ ವಾಪಸ್ ಬಂದುಬಿಡ್ತೀನಿ. ಇಲ್ಲಿ ಎಲ್ಲಾರೂ ಹುಟ್ಟಾ ಮಾತಾಡೋರು, ನಾನೊಬ್ಬಾಕಿ ಮೂಕಿ" ಎಂದು ಅತ್ತಳು. ಬಾ ಅವ್ವ ಎನ್ನಲೇ? ಅಷ್ಟು ಆಸೆಯಿಂದ ಹೋದ ಹುಡುಗಿ ಸೋತ ಮುಖ ಹೊತ್ತು ವಿಮಾನ ಇಳಿಯುವುದು ಕಣ್ಣ ಮುಂದೆ ಬಂತು. ಇರು ಎನ್ನಲೇ? ಅವಳು ಮತ್ತೆ ಅಷ್ಟು ಜನರ ಮುಂದೆ ಬಾಯಿ ಕಟ್ಟಿ ನಿಲ್ಲುವುದು ಕಣ್ಣ ಮುಂದೆ ಬಂತು. ಎರಡೂ ನೋಡಲಾಗದೆ ನಾನು ಫೋನನ್ನು ಹೆಂಡತಿಗೆ ಕೊಟ್ಟೆ. ಗೌರಮ್ಮ ಒಂದೇ ಮಾತು ಹೇಳಿದಳು: "ಮೊದಲ ಮಾತಾಡು. ಬರೂದು ಆಮ್ಯಾಲ ನೋಡೂಣು." ಆಮೇಲೆ ಎಷ್ಟೋ ವಾರ, ಅಂಬಿಕಾ ನಮ್ಮ ಮುಂದೆಯೇ ಫೋನಿನಲ್ಲಿ ಅಭ್ಯಾಸ ಮಾಡಿದಳು. ಇಂಗ್ಲಿಷಿನಲ್ಲಿ ಅವಳು ಹೇಳುವುದು, ಇಲ್ಲಿ ಗೌರಮ್ಮ ಅವರೆಕಾಯಿ ಸುಲಿಯುತ್ತ ಕೇಳುವುದು, ಸೊಸೆ ಸವಿತಾ ಯಾರದೋ ಬ್ಲೌಸಿಗೆ ಹುಕ್ಕು ಹಾಕುತ್ತ ಕೇಳುವುದು, ನಾನು ನಿದ್ದೆ ಹೋಗುವುದು. ನಿದ್ದೆ ಬೇಸರದಿಂದಲ್ಲ, ಅವಳ ದನಿ ಕೇಳುತ್ತಿದ್ದಷ್ಟು ಹೊತ್ತು ಅವಳು ಕ್ಷೇಮವಾಗಿದ್ದಾಳೆ ಎಂಬ ನೆಮ್ಮದಿಯಿಂದ. ಇದನ್ನು ಎಷ್ಟು ಸಲ ಹೇಳಿದರೂ ಮನೆಯಲ್ಲಿ ಯಾರೂ ನಂಬುವುದಿಲ್ಲ.

ನಿನ್ನೆ ಆ ದಿನ ಬಂತು. ನಾನು ಮೊದಲೇ ಬೇಡಿಕೊಂಡಿದ್ದೆ: "ಅವ್ವಾ, ಫೋನು ಹಚ್ಚಿ ಕಿಸೆದಾಗ ಇಟ್ಕೋ. ನಾವು ಉಸಿರೂ ಬಿಡಂಗಿಲ್ಲ. ಬರೇ ಕೇಳ್ತೀವಿ." ಅವಳು ಒಪ್ಪಿದ್ದಳು. ಅಲ್ಲಿ ಬೆಳಗು, ಇಲ್ಲಿ ಮಧ್ಯಾಹ್ನ. ನಾನು ಬೆಳಗಿನಿಂದಲೇ ತಯಾರಿ ನಡೆಸಿದೆ. ಸೀಟಿ ಹೊಡೆಯುತ್ತದೆಂದು ಕುಕ್ಕರ್ ಇಡಬೇಡ ಎಂದೆ. ಫ್ಯಾನು ಸದ್ದು ಮಾಡುತ್ತದೆಂದು ಆರಿಸಿದೆ. ಅದು ನಾನೇ ಜೋಡಿಸಿದ ಫ್ಯಾನು, ಅದರ ಗುಣ ನನಗೆ ಗೊತ್ತು. ಬೆವರುತ್ತ ನಾವಿಬ್ಬರೂ ಫೋನಿನ ಮುಂದೆ ಕೂತೆವು. ಸವಿತಾ ಮಾತ್ರ "ನನ್ನಿಂದ ಕೇಳಾಕ ಆಗಂಗಿಲ್ರಿ ಮಾವಾರ" ಎಂದು ಒಳಗಿನ ಕೋಣೆಗೆ ಹೋಗಿ ಹೊಲಿಗೆ ಯಂತ್ರ ತುಳಿಯತೊಡಗಿದಳು. ಆಮೇಲೆ ನೋಡಿದರೆ ಅದಕ್ಕೆ ದಾರವನ್ನೇ ಪೋಣಿಸಿರಲಿಲ್ಲ. ಹೇಳಿದ ಗಂಟೆಯಾಯಿತು, ಫೋನು ಬರಲಿಲ್ಲ. "ಹೋತು! ಹುಡುಗಿ ಕ್ಲಾಸಿಗೇ ಹೋಗಿಲ್ಲ" ಎಂದು ನಾನು ಎದ್ದು ನಿಂತೆ. ಗೌರಮ್ಮ ಕೈ ಹಿಡಿದು ಕೂರಿಸಿದಳು. "ಅಲ್ಲಿ ಹತ್ತಂದ್ರ ಹತ್ತೂ ಕಾಲು ಅಂತ ನೀವ ಊರಿಗೆಲ್ಲಾ ಹೇಳಿಕೋತ ಬಂದೀರಿ. ನಿಮಗ ನೆನಪಿಲ್ಲೇನು?"

ಹೇಳಿದಂತೆ ಕಾಲು ಗಂಟೆ ಕಳೆದು ಫೋನು ಬಂತು. ಒಳಗೆ ಬಟ್ಟೆ ಉಜ್ಜುವ ಸದ್ದು, ಕುರ್ಚಿ ಎಳೆಯುವ ಸದ್ದು. ಆಮೇಲೆ ನಮ್ಮ ಅಂಬಿಕಾ ದನಿ. ಸಣ್ಣದು, ನೀರಿನ ಕೆಳಗಿಂದ ಬಂದಂತೆ. ನನ್ನ ಎದೆ ಹೊಡೆದುಕೊಳ್ಳುವುದು ಫೋನಿನಲ್ಲಿ ಅಲ್ಲಿಗೂ ಕೇಳಿಸೀತು ಎಂದು ನಾನು ಸ್ವಲ್ಪ ಹಿಂದೆ ಸರಿದು ಕೂತೆ. ಸರಿಯಾಗಿ ಅದೇ ಹೊತ್ತಿಗೆ ಗಲ್ಲಿಯಲ್ಲಿ ಹಳೆ ಸಾಮಾನಿನ ಗಾಡಿ ಬಂತು. "ಪಾತ ಇನುಪ ಸಾಮಾನ್ಲು ಕೊಂಟಾಂ" ಎಂದು ಹಳೆ ಕಬ್ಬಿಣ ಕೊಳ್ಳುವ ಕೂಗನ್ನು ಯಂತ್ರದಲ್ಲಿ ತುಂಬಿಸಿಟ್ಟುಕೊಂಡು ತಿರುಗುತ್ತಾರಲ್ಲ, ಆ ಗಾಡಿ. ನಾನು ಚಪ್ಪಲಿ ಹಾಕದೆ ಓಡಿ, ಕೈ ಮುಗಿದು, ನನ್ನ ಮೊಮ್ಮಗಳು ಜರ್ಮನಿಯಲ್ಲಿ ಮಾತಾಡುತ್ತಿದ್ದಾಳೆ, ದಯವಿಟ್ಟು ಆರಿಸು ಎಂದೆ. ಆ ಮನುಷ್ಯ ಒಳ್ಳೆಯವನು. ಆರಿಸಿದ. ಆರಿಸಿ ಮುಂದೆ ಹೋಗಬಹುದಿತ್ತು, ಹೋಗಲಿಲ್ಲ. ಜರ್ಮನಿ ಹೇಗೆ ಕೇಳಿಸುತ್ತದೆ ನೋಡೋಣ ಎಂದು ನಮ್ಮ ಕಿಟಕಿಯ ಹತ್ತಿರ ಬಂದು ನಿಂತ.

ನಾನು ಮರಳಿ ಬರುವಷ್ಟರಲ್ಲಿ ದನಿ ಬದಲಾಗಿತ್ತು. ಸಣ್ಣ ದನಿ ದೊಡ್ಡದಾಗಿತ್ತು. ನಮ್ಮ ಮನೆಯ ಬೆಕ್ಕಿಗೆ ಬುದ್ಧಿ ಹೇಳುವ ದನಿ! ಒಂದು ಮಾತೂ ನನಗೆ ತಿಳಿಯಲಿಲ್ಲ, ಆದರೆ ಅದು ತಡವರಿಸುತ್ತಿಲ್ಲ ಎಂಬುದು ತಿಳಿಯಿತು. ಗೌರಮ್ಮ ನನ್ನ ಕೈಯನ್ನು ಬಿಡದೆ ಹಿಡಿದಿದ್ದಳು. ಆಮೇಲೆ ಒಬ್ಬ ಗಂಡಸಿನ ದನಿ ಏನೋ ಕೇಳಿತು, ಇವಳು ಉತ್ತರಿಸಿದಳು. ಇನ್ನೊಂದು ದನಿ ಸ್ವಲ್ಪ ಗಡುಸಾಗಿ ಕೇಳಿತು, ಇವಳೂ ಸ್ವಲ್ಪ ಗಡುಸಾಗಿಯೇ ಹೇಳಿದಳು. "ಅಯ್ಯೋ, ಜಗಳಕ್ಕ ಬಿದ್ಲಲ್ಲ" ಎಂದು ನಾನು ಪಿಸುಗುಟ್ಟಿದೆ. ಮರುಕ್ಷಣ ಧಡ ಧಡ ಧಡ ಧಡ! ಒಬ್ಬರಲ್ಲ, ಇಬ್ಬರಲ್ಲ, ಇಡೀ ಕೋಣೆ ಮೇಜು ಬಡಿಯುತ್ತಿದೆ. ಅದರ ನಡುವೆಯೇ ಫೋನು ಕಟ್ಟಾಯಿತು. ಕಿಟಕಿಯ ಆಚೆಯಿಂದ ಹಳೆ ಸಾಮಾನಿನವನು ಗಾಬರಿಯಿಂದ, "ಏಮೈಂದಿ ಪೆದ್ದಾಯನಾ, ಗೊಡವಾ?" ಎಂದ. ಏನಾಯಿತು ಹಿರಿಯರೇ, ಗಲಾಟೆಯೇ ಎಂದು.

ಗಲಾಟೆಯೇ! ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೇಜು ಬಡಿಯುವುದರ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಕಾರ್ಖಾನೆಯಲ್ಲಿ ಒಬ್ಬ ಸೂಪರ್‌ವೈಸರ್ ಇದ್ದ, ಮೂತ್ರಕ್ಕೆ ಹೋದವರ ಹಿಂದೆ ಗಡಿಯಾರ ನೋಡುತ್ತ ನಿಲ್ಲುತ್ತಿದ್ದ. ಒಂದು ದಿನ ಯಾದಗಿರಿ ಸನ್ನೆ ಮಾಡಿದ, ನಾವೆಲ್ಲ ನಟ್ಟು ಬಿಗಿಯುವ ಪಾನಾ ಎತ್ತಿಕೊಂಡು ಕಬ್ಬಿಣದ ಮೇಜುಗಳನ್ನು ಒಟ್ಟಿಗೆ ಬಡಿದೆವು. ಆ ಮನುಷ್ಯ ತನ್ನ ಕೋಣೆಯಿಂದ ಹೊರಗೆ ಬರಲಾಗದೆ ಕೂತು, ಕೊನೆಗೆ ಹಿಂದಿನ ಗೇಟಿನಿಂದ ಹೋದವನು ಮರಳಿ ಬರಲಿಲ್ಲ. ಕ್ಯಾಂಟೀನಿನಲ್ಲಿ ಬೇಳೆ ನೀರಾದರೂ ಅಷ್ಟೇ, ಬಡಿಯುತ್ತಿದ್ದೆವು. ನನ್ನ ಇಡೀ ಬಾಳಿನಲ್ಲಿ ಯಾರೂ ಯಾರ ಮೇಲಿನ ಪ್ರೀತಿಗೂ ಮೇಜು ಬಡಿದದ್ದನ್ನು ನಾನು ಕಂಡಿಲ್ಲ. ಇಲ್ಲಿ ನೋಡಿದರೆ, ನನ್ನ ಹುಡುಗಿ ಎದುರು ಮಾತಾಡಿದ್ದಾಳೆ, ಇಡೀ ಕ್ಲಾಸು ಸೇರಿ ಅವಳಿಗೆ ಘೆರಾವ್ ಹಾಕಿದೆ!

ಫೋನು ಹಚ್ಚಿದೆ, ಹೋಗಲಿಲ್ಲ. ಮತ್ತೆ ಹಚ್ಚಿದೆ, ಸ್ವಿಚ್ ಆಫ್. "ನೋಡು, ಫೋನೂ ಕಸಗೊಂಡ್ರು" ಎಂದೆ. ಈ ಮಾತಿಗೆ ಒಳಗಿನ ಕೋಣೆಯ ಹೊಲಿಗೆ ಯಂತ್ರ ನಿಂತಿತು. ಸವಿತಾ ಬಾಗಿಲಲ್ಲಿ ಬಂದು ನಿಂತಳು, ಮುಖದಲ್ಲಿ ರಕ್ತವಿರಲಿಲ್ಲ. ಗೌರಮ್ಮ ನನ್ನನ್ನು ಸುಡುವಂತೆ ನೋಡಿದಳು. "ಸುಮ್ಮನ ಕೂಡ್ರಿ. ಅದು ಕಾಲೇಜು ಐತಿ, ನಿಮ್ಮ ಫ್ಯಾಕ್ಟರಿ ಅಲ್ಲ." ಆದರೆ ಅವಳ ಕೈಯೂ ಸುಮ್ಮನಿರಲಿಲ್ಲ. ಸುಲಿದಿಟ್ಟ ಅವರೆಕಾಳನ್ನು ಸಿಪ್ಪೆಯ ಜೊತೆ ಮತ್ತೆ ಕಲಸುತ್ತಿತ್ತು. ಬಸವರಾಜನಿಗೆ ಫೋನು ಮಾಡಿದೆ. ಅವನು ಯಾವುದೋ ಲಿಫ್ಟಿನ ಮೇಲೆ ಕೂತಿದ್ದ, ದನಿ ಬಾವಿಯಿಂದ ಬಂತು. "ಯಪ್ಪಾ, ಆಕಿ ಮಾತಾಡಿದ್ಲೋ ಇಲ್ಲೋ, ಅಷ್ಟು ಹೇಳ್ರಿ."

"ಮಾತಾಡಿದ್ಲಪ್ಪಾ, ಅದಕ್ಕ ಇಷ್ಟೆಲ್ಲಾ ಆಗಿದ್ದು!"

"ಮತ್ತ ಮಾತಾಡಿದ್ಲಲ್ಲ, ಇನ್ನೇನು?" ಎಂದ. ನನ್ನ ಮಗ ಹೀಗೆಯೇ. ಲಿಫ್ಟು ಎರಡು ಮಹಡಿಯ ನಡುವೆ ನಿಂತರೂ, ನಿಂತಿದೆಯಲ್ಲ, ಬೀಳಲಿಲ್ಲವಲ್ಲ ಎನ್ನುವ ಜಾತಿ.

ಇವರಿಂದ ಆಗುವುದಿಲ್ಲ ಎಂದು ನಾನು ಯಾದಗಿರಿಯ ಮನೆಗೆ ಹೋದೆ. ಘೆರಾವಿನ ವಿಷಯದಲ್ಲಿ ಅವನಿಗಿಂತ ತಿಳಿದವರು ಯಾರು? ಅವನು ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಒರೆಸಿ, ಮೊದಲು ಒಳಗೆ ನೀರು ಹೋಗುವಂತೆ ನೋಡಿಕೋ ಎಂದ. ಜರ್ಮನಿಗೆ ನಾನು ಹೇಗೆ ನೀರು ಕಳಿಸಲಿ ಎಂದೆ. ಅದೂ ನಿಜ ಎಂದು ಯೋಚಿಸಿ, ಹಾಗಾದರೆ ಎರಡನೆಯ ದಾರಿ, ಒಳಗೆ ಸಿಕ್ಕವರ ಪರವಾಗಿ ಹೊರಗಿನಿಂದ ಒಬ್ಬ ಹಿರಿಯ ಮಾತಾಡಬೇಕು, ಸಿಟ್ಟಿಲ್ಲದೆ, ಎರಡೂ ಕಡೆಯ ಮಾನ ಉಳಿಯುವಂತೆ, ಎಂದ. ಫೋನಿನಲ್ಲಿ ಮಾತು ತುಂಬಿಸಿ ಕಳಿಸಬಹುದು, ಫೋನು ಅವಳ ಕೈಗೆ ಬಂದ ಕೂಡಲೇ ಎಲ್ಲರಿಗೂ ಕೇಳಿಸುತ್ತಾಳೆ. ಸರಿ, ಯಾವ ಭಾಷೆ? ಇಂಗ್ಲಿಷು ನಮ್ಮಿಬ್ಬರಿಗೂ ಬರುವುದಿಲ್ಲ. ಕನ್ನಡದಲ್ಲಿ ಹೇಳಿದರೆ ಜರ್ಮನಿಯವರಿಗೆ ತಿಳಿಯುವುದಿಲ್ಲ, ತೆಲುಗೂ ಕಷ್ಟ. ಅದಕ್ಕೇ ಇಬ್ಬರೂ ಕೂಡಿ ವಿಚಾರ ಮಾಡಿ ಹಿಂದಿಯಲ್ಲಿ ಹೇಳಿದೆವು. ಮನೆಯಿಂದ ಹೊರಗೆ ಕಾಲಿಟ್ಟರೆ, ಬಸ್ಸಿನಲ್ಲಿ, ಬಜಾರಿನಲ್ಲಿ, ಯಾರೇ ಪರಕೀಯರು ಸಿಕ್ಕರೂ ಹಿಂದಿಯಲ್ಲೇ ಮಾತಾಡಿ ಇಷ್ಟು ವರ್ಷ ಬಾಳಿದ ನಮಗೆ, ಜರ್ಮನಿಯವರು ಅದಕ್ಕೂ ಪರಕೀಯರು ಎಂಬುದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ನಾನು ಎದ್ದು ನಿಂತು, ಅಂಗಿಯ ಗುಂಡಿ ಹಾಕಿಕೊಂಡು ಮಾತಾಡಿದೆ. "ದೇಖೋ ಭಾಯಿ, ದೇಖೋ ಬೆಹೆನ್. ಬಚ್ಚೀ ಹೈ. ಕುಛ್ ಗಲತ್ ಬೋಲೀ ತೋ ಮಾಫ್ ಕರೋ. ಟೇಬಲ್ ನಕ್ಕೋ ಮಾರೋ. ತುಮ್ಹಾರೀ ಜೋ ಭೀ ಮಾಂಗ್ ಹೈ, ಹಮ್ ಬೈಠ್ ಕೇ ಬಾತ್ ಕರೇಂಗೇ." ಮಗು, ತಪ್ಪು ಹೇಳಿದ್ದರೆ ಕ್ಷಮಿಸಿ, ಮೇಜು ಬಡಿಯಬೇಡಿ, ನಿಮ್ಮ ಬೇಡಿಕೆ ಏನೇ ಇದ್ದರೂ ಕೂತು ಮಾತಾಡೋಣ ಎಂಬ ತಾತ್ಪರ್ಯ. ಕೊನೆಗೆ ಯಾದಗಿರಿ ಫೋನು ಕಸಿದುಕೊಂಡು, ಹಳೆಯ ಅಭ್ಯಾಸಬಲದಿಂದ, "ಜಿಂದಾಬಾದ್" ಎಂದು ಸೇರಿಸಿದ. ಯಾರಿಗೆ ಜಿಂದಾಬಾದ್ ಎಂದು ಕೇಳಿದರೆ, ಅದನ್ನು ಅವರವರು ತಿಳಿದುಕೊಳ್ಳುತ್ತಾರೆ ಎಂದ.

ಆಮೇಲಿನ ಹೊತ್ತು ಹೇಗೆ ಕಳೆಯಿತೋ ನಾನು ಹೇಳಲಾರೆ. ಮನೆಯಲ್ಲಿ ಯಾರೂ ಉಂಡಿರಲಿಲ್ಲ. ಹುಡುಗಿ ವಾಪಸು ಬಂದರೆ ಏನು ಹೇಳಿ ಸಂತೈಸಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿದೆ. ಅವಳು ಬರುವ ದಿನ ಗಲ್ಲಿಯವರು ಕೇಳಿದರೆ ಏನು ಹೇಳಬೇಕು ಎಂದೂ ಜೋಡಿಸಿದೆ. ಅವಳು ಇನ್ನು ಮೇಲೆ ಯಾರ ಮುಂದೆಯೂ ಬಾಯಿ ತೆರೆಯದೆ ಹೋದರೆ ಎಂದು ಯೋಚಿಸಿದಾಗ ಮಾತ್ರ ಯಾವ ಮಾತೂ ಜೋಡಣೆಯಾಗಲಿಲ್ಲ. ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತೆ. ಸವಿತಾ ಬಂದು ನನ್ನ ಪಕ್ಕದಲ್ಲಿ ಒಂದು ಲೋಟ ಚಹಾ ಇಟ್ಟು ಹೋದಳು. ಸಕ್ಕರೆ ಹಾಕಿರಲಿಲ್ಲ. ನಾನು ಹಾಗೆಯೇ ಕುಡಿದೆ.

ಬಿಸಿಲು ಇಳಿದು, ಬಸವರಾಜ ಎಂದಿಗಿಂತ ಬೇಗ ಮನೆಗೆ ಬಂದ. ಚಿಂತೆ ಇಲ್ಲ ಎಂದವನು ಯಾಕೆ ಬೇಗ ಬಂದ ಎಂದು ನಾನು ಕೇಳಲಿಲ್ಲ. ಅವನು ಕೈಕಾಲು ತೊಳೆಯುತ್ತಿರುವಾಗ ಫೋನು ಬಂತು. ಈ ಸಲ ಮುಖ ಕಾಣುವ ಫೋನು. ಅಂಬಿಕಾ! ಕಣ್ಣು ಕೆಂಪಾಗಿತ್ತು, ಬಾಯಿ ಕಿವಿಯವರೆಗೆ ಹೋಗಿತ್ತು, ಹಿಂದೆ ಇನ್ನೂ ನಾಲ್ಕಾರು ಬಿಳಿ ಮುಖಗಳು ಕುತೂಹಲದಿಂದ ಇಣುಕುತ್ತಿದ್ದವು.

"ಅಜ್ಜ, ಪಾಸ್! ಭಾಳ ಚೊಲೋ ಮಾತಾಡಿದಿ ಅಂದ್ರು ಮೇಡಂ!"

"ಅದಿರಲಿ, ಯಾರರ ನಿನ್ನ ಮ್ಯಾಲ ಕೈ ಎತ್ತಿದ್ರೇನವ್ವ?"

"ಯಾಕ ಎತ್ತತಾರ?"

"ಮತ್ತ ಮೇಜು ಬಡದ್ರಲ್ಲ! ನಾವು ಕೇಳೀವಲ್ಲ!"

ಅವಳು ಅಷ್ಟು ಹೊತ್ತು ಹಿಡಿದಿಟ್ಟಿದ್ದ ನಗು ಇನ್ನು ನಿಲ್ಲಲಿಲ್ಲ. ನಕ್ಕಳು ನೋಡಿ, ಜರ್ಮನಿಗೆ ಹೋದ ಮೇಲೆ ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿ ಮೇಜು ಬಡಿಯುವುದೆಂದರೆ ಚಪ್ಪಾಳೆಯಂತೆ! ಪಾಠ ಮುಗಿದರೆ ಬಡಿಯುತ್ತಾರೆ, ಯಾರಾದರೂ ಚೆನ್ನಾಗಿ ಮಾತಾಡಿದರೆ ಇನ್ನೂ ಜೋರಾಗಿ ಬಡಿಯುತ್ತಾರೆ. "ಚಪ್ಪಾಳಿ ಹೊಡಿಯಾಕ ಕೈ ಇಲ್ಲೇನು ಅವರಿಗೆ?" ಎಂದೆ. "ಒಂದು ಕೈಯಾಗ ಪೆನ್ನು ಇರ್ತೈತಲ್ಲ ಅಜ್ಜ, ಇನ್ನೊಂದು ಕೈಲೆ ಬಡೀತಾರ" ಎಂದಳು. ಫೋನಿನ ಬ್ಯಾಟರಿ ಮುಗಿದಿತ್ತಂತೆ. ಗೆಳತಿಯರು ಹೊತ್ತುಕೊಂಡಂತೆ ಕ್ಯಾಂಟೀನಿಗೆ ಕರೆದೊಯ್ದರಂತೆ. ಅಲ್ಲಿ ಫೋನಿಗೆ ಜೀವ ಬಂದ ಕೂಡಲೇ ಮೊದಲು ಸಿಕ್ಕದ್ದು ನನ್ನ ಭಾಷಣ. ಅದರಲ್ಲಿ ಟೇಬಲ್ ಎಂಬ ಮಾತು ಕೇಳಿ, ಏನದು ಎಂದು ಎಲ್ಲರೂ ಹಟ ಹಿಡಿದರಂತೆ. ಇವಳು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳಂತೆ. "ಆಮ್ಯಾಲ ಏನಾತು ಗೊತ್ತೇನು ಅಜ್ಜ?" ಎಂದಳು. ಹೇಳುವ ಮೊದಲೇ ಹಿಂದಿದ್ದ ಬಿಳಿ ಮುಖಗಳೆಲ್ಲ ನನ್ನ ಕಡೆ ನೋಡಿ, ಮುಷ್ಟಿ ಬಿಗಿದು ಧಡ ಧಡ ಧಡ ಎಂದು ಬಡಿದವು. ನನಗೆ! ನಾಲ್ಕನೇ ಕ್ಲಾಸು ಅರ್ಧ ಓದಿದವನಿಗೆ ಜರ್ಮನಿಯ ಕಾಲೇಜಿನಲ್ಲಿ ಮೇಜು ಬಡಿದರು. ನಾನು ಏನು ಮಾಡಬೇಕೆಂದು ತಿಳಿಯದೆ ಕೈ ಮುಗಿದೆ. ಗೌರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, "ಹುಡುಗಿ ಪಾಸಾಗ್ಯಾಳ, ಕೈ ನೀವು ಮುಗೀಯಾಕತ್ತೀರಿ" ಎಂದಳು.

ಆಮೇಲೆ ಮನೆಯಲ್ಲಿ ಹಬ್ಬ. ಗೌರಮ್ಮ ರೊಟ್ಟಿ ತಟ್ಟಿದಳು, ಪುಂಡಿ ಪಲ್ಯ ಮಾಡಿದಳು, ಸವಿತಾ ಬೆಲ್ಲ ಹಾಕಿ ಸಜ್ಜಕ ಮಾಡಿದಳು. ಬಸವರಾಜ ಚಾಪೆ ಹಾಸಿದ. ನಾಲ್ವರೂ ಸಾಲಾಗಿ ಕೂತೆವು. ಫೋನನ್ನು ತಂಬಿಗೆಗೆ ಆನಿಸಿ ನಿಲ್ಲಿಸಿದೆವು. ಅದರಲ್ಲಿ ಅಂಬಿಕಾ ತನ್ನ ಕೋಣೆಯಲ್ಲಿ ಬ್ರೆಡ್ಡು ತಟ್ಟೆಗೆ ಹಾಕಿಕೊಂಡು ನಮ್ಮ ಜೊತೆಗೇ ಊಟಕ್ಕೆ ಕೂತಳು. ಕ್ಲಾಸಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಿದಳು. ಹೊಲಸು ನೀರನ್ನು ಹೇಗೆ ನಿಲ್ಲಿಸುತ್ತಾರೆ, ಹೇಗೆ ಸೋಸುತ್ತಾರೆ, ಕಣ್ಣಿಗೆ ಕಾಣದ ಹುಳಗಳನ್ನು ಸಾಕಿ ಅವುಗಳಿಂದ ಹೇಗೆ ಹೊಲಸು ತಿನ್ನಿಸುತ್ತಾರೆ, ಎಲ್ಲ. ನಾವು ಹುಳಗಳ ವಿಷಯ ಬಂದಾಗ ಮಾತ್ರ ಸ್ವಲ್ಪ ನಿಧಾನವಾಗಿ ಉಂಡೆವು. "ಎಲ್ಲಾರೂ ಪ್ರಶ್ನಿ ಕೇಳಿದ್ರು ಅಜ್ಜ, ನೀವೂ ಒಂದು ಕೇಳ್ರಿ" ಎಂದಳು.

ನಾನು ಗಂಟಲು ಸರಿಮಾಡಿಕೊಂಡೆ. "ಆ ನೀರು ತೊಳದ ಮ್ಯಾಲ ಎಲ್ಲಿಗೆ ಬಿಡ್ತಾರವ್ವ?"

"ನದಿಗೆ."

"ನದಿ ನೀರು ಯಾರು ಕುಡಿತಾರ?"

"ಕೆಳಗಿನ ಊರಿನವ್ರು."

"ನೀ ಇರೋ ಊರು ಮ್ಯಾಲೋ, ಕೆಳಗೋ?"

"ಕೆಳಗ" ಎಂದಳು ಅಂಬಿಕಾ, ಬ್ರೆಡ್ಡು ಅಗಿಯುತ್ತ.

ನನ್ನ ಕೈಯ ತುತ್ತು ತಟ್ಟೆಗೆ ಬಿತ್ತು. ಒಂದು ಗಂಟೆ, ಬರೀ ಒಂದೇ ಒಂದು ಗಂಟೆ ನಾನು ಚಿಂತೆಯಿಲ್ಲದೆ ಇದ್ದೆ! "ನಾಳಿಂದ ನೀ ಆ ನೀರು ಮುಟ್ಟಬ್ಯಾಡ. ಗಟಾರದ ನೀರು ಎಷ್ಟು ತೊಳದ್ರೂ ಗಟಾರದ್ದ" ಎಂದೆ.

"ಇಲ್ಲ ಅಜ್ಜ. ನಿಮ್ಮ ಮಾತು ತಪ್ಪು."

ನಾಲ್ಕೂ ತಟ್ಟೆಗಳ ಮೇಲೆ ಕೈ ನಿಂತಿತು. ನನ್ನ ಮೊಮ್ಮಗಳು ಹುಟ್ಟಿದಂದಿನಿಂದ ನನಗೆ ಈ ಮಾತು ಹೇಳಿದವಳಲ್ಲ. ಹೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ನದಿಯಿಂದ ಆ ನೀರು ಉಸುಕಿನಲ್ಲಿ ಇಳಿದು, ನೆಲದೊಳಗೆ ಎಷ್ಟೋ ದಿನ ಹರಿದು, ಮತ್ತೆ ಮೇಲೆ ಬಂದು, ಪರೀಕ್ಷೆಯಾಗಿ ನಲ್ಲಿಗೆ ಬರುತ್ತದೆ ಎಂದು ಒಂದೊಂದಾಗಿ ಬಿಡಿಸಿ ಹೇಳಿ, "ಇನ್ನೂ ಅನುಮಾನ ಇದ್ರ ಕೇಳ್ರಿ, ಹೇಳ್ತೀನಿ" ಎಂದು ನನ್ನ ಮುಖವನ್ನೇ ನೋಡುತ್ತ ಕಾದಳು. ಗೌರಮ್ಮ ಮೊದಲು ನಕ್ಕವಳು. "ತಪ್ಪು ಅಂತ ನಾ ಇಷ್ಟು ವರ್ಷ ಹೇಳಿಕೋತ ಬಂದೆ, ಕಿವಿಗೆ ಹೋಗಲಿಲ್ಲ. ಜರ್ಮನಿಯಿಂದ ಹೇಳಿಸಬೇಕಾತು ನೋಡ್ರಿ" ಎಂದಳು. ಸವಿತಾ ಮಾವನ ಮುಂದೆ ನಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡು, ಅದರ ಹಿಂದೆ ಚೆನ್ನಾಗಿಯೇ ನಕ್ಕಳು.

ಮೊಮ್ಮಗಳ ಬಾಯಿಗೆ ಮಾತು ಬರಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡವನು ನಾನು. ಊರಿನ ಎಲ್ಲ ಚಿಂತೆಗಳನ್ನೂ ಮುಂಚಿತವಾಗಿ ಮಾಡಿ ಮುಗಿಸುವ ನನಗೆ, ಆ ಮಾತು ಬಂದ ಮೇಲೆ ಮೊದಲು ಯಾರ ಮೇಲೆ ಬಂದೀತು ಎಂಬ ಒಂದು ಚಿಂತೆ ಮಾತ್ರ ಹೊಳೆದಿರಲಿಲ್ಲ. ಬಸವರಾಜ ರೊಟ್ಟಿ ಮುರಿಯುತ್ತ, "ಯಪ್ಪಾ, ಇನ್ನೊಂದು ಪ್ರಶ್ನಿ ಕೇಳ್ರಿ" ಎಂದು ಕೆಣಕಿದ. ಎಲ್ಲರೂ ನನ್ನ ಕಡೆ ನೋಡಿದರು, ತಂಬಿಗೆಗೆ ಆತುಕೊಂಡವಳೂ ಸೇರಿ. ನಾನು ಪ್ರಶ್ನೆಯನ್ನು ಬಿಟ್ಟು ತಟ್ಟೆಯನ್ನು ಸಜ್ಜಕದ ಪಾತ್ರೆಯ ಕಡೆಗೆ ಸರಿಸಿದೆ.